ಬುತ್ತಿಗಂಟು

ಗಂಟು ಎಂದರೆ ಪೀರಮ್ಮನಿಗೆ ರೊಟ್ಟಿ. ಹುಟ್ಟಿದಾಗಿನಿಂದ ಅವಳಿಗೆ ಗೊತ್ತಿದ್ದ ಗಂಟು ಅದೊಂದೇ. ಎರಡು ಜೋಳದ ರೊಟ್ಟಿ, ಒಂದಿಷ್ಟು ಶೇಂಗಾ ಹಿಂಡಿ, ಇದ್ದ ದಿನ ಒಂದು ಉಳ್ಳಾಗಡ್ಡಿ. ಎಲ್ಲವನ್ನೂ ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಕಟ್ಟಿದರೆ ಬುತ್ತಿಗಂಟು. ಚಿತ್ತಾಪುರದ ಕಡೆಯ ಅವಳ ಊರಲ್ಲಿ ಹೊಲಕ್ಕೆ ಹೊರಟ ಹೆಂಗಸನ್ನು ದಾರಿಯಲ್ಲಿ ಸಿಕ್ಕವರು, 'ಗಂಟು ತಂದೀಯೇನವ್ವಾ' ಎಂದು ಕೇಳುತ್ತಾರೆ. ಉಣ್ಣಲಿಕ್ಕೆ ಏನಾದರೂ ಇದೆಯೋ ಇಲ್ಲವೋ ಎಂಬ ಕಳಕಳಿ ಅಷ್ಟೇ.

ಆ ಒಂದು ಮಾತಿಗೆ ಅವಳ ಕೆಲಸ ಹೋಯಿತು. ಕೆಲಸ ಮಾತ್ರ ಹೋಗಿದ್ದರೆ ಈ ಕಥೆ ಹೇಳುವ ಅಗತ್ಯ ಇರಲಿಲ್ಲ. ಕೆಲಸ ಹೋಗುವುದು ನಮ್ಮವರಿಗೆ ಹೊಸದೇನಲ್ಲ.

ಸಾವಿರದ ಒಂಬೈನೂರ ತೊಂಬತ್ನಾಲ್ಕರ ಸೆಪ್ಟೆಂಬರ್ ಕೊನೆ. ಸೂರತ್ತಿನಲ್ಲಿ ಪ್ಲೇಗ್ ಎಂದು ಪೇಪರಿನಲ್ಲೂ ರೇಡಿಯೊದಲ್ಲೂ ಒಂದೇ ಬೊಬ್ಬೆ. ಹೊರದೇಶದ ವಿಮಾನಗಳು ಇತ್ತ ಬರುವುದನ್ನು ನಿಲ್ಲಿಸಿದವು. ಇಲ್ಲಿಂದ ಹೋದ ಮಾಲನ್ನು ಇಳಿಸಿಕೊಳ್ಳಲು ಅಲ್ಲಿಯ ಬಂದರುಗಳು ಹಿಂದೆಮುಂದೆ ನೋಡಿದವು. ಎಲ್ಲೋ ದೂರದ ಊರಲ್ಲಿ ಎದ್ದ ರೋಗ ಬೆಂಗಳೂರಿನ ಮಹದೇವಪುರದ ಒಂದು ಗಾರ್ಮೆಂಟ್ಸ್ ಶೆಡ್ಡಿಗೆ ಬಿಸಿ ಮುಟ್ಟಿಸಲು ಒಂದು ವಾರ ಸಾಕಾಯಿತು.

ಆ ಶೆಡ್ಡಿನಲ್ಲಿ ಆರುನೂರು ಜನ. ಹೆಚ್ಚಿನವರು ಹೆಂಗಸರು. ಜರ್ಮನಿಗೆ ಹೋಗುವ ಚಳಿಗಾಲದ ಜಾಕೆಟ್ ಹೊಲಿಯುತ್ತಿದ್ದರು. ಪೀರಮ್ಮನಿಗೆ ಮಿಷನ್ ಕೊಟ್ಟಿರಲಿಲ್ಲ. ಅವಳು ಹೆಲ್ಪರ್. ಹೊಲಿದು ಬಂದ ಜಾಕೆಟ್ಟಿನಲ್ಲಿ ಉಳಿದ ದಾರದ ತುದಿಗಳನ್ನು ಕತ್ತರಿಸುವುದು ಅವಳ ಕೆಲಸ. ಹತ್ತು ಗಂಟೆ ಹೊತ್ತು ನಿಂತೇ ಇರಬೇಕು. ಉಚ್ಚೆಗೆ ಹೋಗಬೇಕೆಂದರೆ ಸೂಪರ್‌ವೈಸರನ ಕೈಯಿಂದ ಟೋಕನ್ ಇಸಿದುಕೊಂಡು ಹೋಗಬೇಕು. ಮೂಗಿನ ತುಂಬ ಬಟ್ಟೆಯ ಧೂಳು. ಸಂಜೆ ಸೀನಿದರೆ ಆ ದಿನ ಯಾವ ಬಣ್ಣದ ಮಾಲು ಬಂದಿತ್ತು ಎಂದು ಗೊತ್ತಾಗುತ್ತಿತ್ತು. ಕತ್ತರಿ ಹಿಡಿದು ಹಿಡಿದು ಹೆಬ್ಬೆರಳ ಬುಡದಲ್ಲಿ ಜಡ್ಡು ಕಟ್ಟಿತ್ತು. ಇಷ್ಟಾದರೂ ಅವಳಿಗೆ ಆ ಕೆಲಸ ಬೇಕಿತ್ತು. ಗಂಡ ಭಗವಂತರಾಯ ದೊಮ್ಮಲೂರಿನ ಒಂದು ಕಟ್ಟಡದ ಸೆಂಟ್ರಿಂಗ್ ಕುಸಿದಾಗ ಸೊಂಟ ಮುರಿದುಕೊಂಡು ಐದು ತಿಂಗಳಿಂದ ಮಲಗಿದ್ದ. ಮಗಳು ಸುಜಾತಾ ಮೂರನೇ ಕ್ಲಾಸು.

ಜಾಕೆಟ್ಟಿನ ಒಳಗಿನ ಲೈನಿಂಗ್ ಬಟ್ಟೆ ಬರುತ್ತಿದ್ದದ್ದೇ ಸೂರತ್ತಿನಿಂದ. ಬಟ್ಟೆಸುರುಳಿಯ, ಅಂದರೆ ಥಾನಿನ, ಅಂಚಿನ ಉದ್ದಕ್ಕೂ ಊರಿನ ಹೆಸರು ಅಚ್ಚಾಗಿರುತ್ತಿತ್ತು. ಪ್ಲೇಗಿನ ಸುದ್ದಿ ಬಂದ ಮರುದಿನ ಕಂಪನಿ ಬಟ್ಟೆಯನ್ನು ಎಸೆಯಲಿಲ್ಲ, ಅಂಚನ್ನು ಎಸೆಯಿತು. ಪೀರಮ್ಮನನ್ನೂ ಇನ್ನಿಬ್ಬರನ್ನೂ ಗೋಡೌನಿನಲ್ಲಿ ಕೂರಿಸಿ ಅಚ್ಚಿದ್ದ ಪಟ್ಟಿಯನ್ನು ಉದ್ದಕ್ಕೆ ಕತ್ತರಿಸಿ ತೆಗೆಯಿರಿ ಎಂದರು. ಪೀರಮ್ಮನಿಗೆ ಓದು ಬಾರದು. ಪಕ್ಕದಲ್ಲಿ ಕೂತಿದ್ದ ಶಿವಾಜಿನಗರದ ಖುರ್ಷೀದಾ ಏಳನೇ ಕ್ಲಾಸಿನವರೆಗೆ ಓದಿದವಳು. ಅವಳೇ ಬಗ್ಗಿ ಕಿವಿಯಲ್ಲಿ ಹೇಳಿದಳು. "ಸೂರತ್ ಅಂತ ಬರ್ದಿದೆ ಪೀರಮ್ಮಾ. ಅದಕ್ಕೇ ಕಟ್ ಮಾಡಿಸ್ತಾ ಇದಾರೆ."

ಮೂವರೂ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಕೆಲಸ ಮುಗಿಸಿದರು.

ಇಷ್ಟರಲ್ಲಿ ಜರ್ಮನಿಯಿಂದ ಫ್ಯಾಕ್ಸ್ ಬಂತು. ಕೆಲಸ ಮಾಡುವ ಪ್ರತಿಯೊಬ್ಬರ ಕಂಕುಳು, ತೊಡೆಸಂದಿಯನ್ನು ಡಾಕ್ಟರು ಪರೀಕ್ಷೆ ಮಾಡಿರಬೇಕು. ಎಲ್ಲಿಯೂ ಪ್ಲೇಗಿನ ಗಂಟು ಎದ್ದಿಲ್ಲ ಎಂಬ ಸರ್ಟಿಫಿಕೇಟ್ ಮಾಲಿನ ಜೊತೆ ಬರಬೇಕು. ಇಲ್ಲವಾದರೆ ಆರ್ಡರು ವಾಪಸ್.

ಡಾಕ್ಟರು ಬರಲಿಲ್ಲ. ಡಾಕ್ಟರ ಸಹಿ ಬಂತು. ಪರೀಕ್ಷೆಯ ಕೆಲಸ ಬಿದ್ದದ್ದು ಆಫೀಸಿನ ಪ್ರತಿಭಾಳ ತಲೆಯ ಮೇಲೆ. ದಾವಣಗೆರೆ ಕಡೆಯ ಹುಡುಗಿ, ಬಿ.ಕಾಂ. ಮುಗಿಸಿ ಸೇರಿ ನಾಲ್ಕು ತಿಂಗಳಾಗಿತ್ತು. ಸೋಮವಾರ ಬೆಳಿಗ್ಗೆ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂತಳು. ಮೊದಲ ಹತ್ತಿಪ್ಪತ್ತು ಹೆಂಗಸರನ್ನು 'ಕಂಕುಳಲ್ಲಿ, ತೊಡೆಸಂದೀಲಿ ಏನಾದ್ರೂ ಗಂಟು ಇದ್ಯಾ' ಎಂದು ಪೂರ್ತಿ ಕೇಳಿದಳು. ಪಕ್ಕದಲ್ಲಿ ವಾಚ್‌ಮನ್ ಮುನಿರಾಜಪ್ಪ ನಿಂತಿದ್ದ. ಅವಳಿಗೆ ನಾಚಿಕೆಯಾಯಿತು. ಗಂಡಸರ ಸರದಿ ಬಂದಾಗ ಇನ್ನೂ ನಾಚಿಕೆಯಾಯಿತು. ಕಂಕುಳು ಬಿಟ್ಟಳು, ತೊಡೆ ಬಿಟ್ಟಳು. ಪೀರಮ್ಮನ ಸರದಿ ಬರುವ ಹೊತ್ತಿಗೆ ಉಳಿದದ್ದು ಎರಡೇ ಮಾತು.

"ಗಂಟು ಇದ್ಯಾ?"

ದಿನವೂ ಅದೇ ಗೇಟಿನಲ್ಲಿ ಮುನಿರಾಜಪ್ಪ 'ಏಯ್, ಗಂಟು ಬಿಚ್ಚು' ಎಂದು ಅವಳ ರೊಟ್ಟಿ ಬಿಚ್ಚಿಸಿ ನೋಡುತ್ತಿದ್ದ. ಪೀರಮ್ಮ ಕೈಯಲ್ಲಿದ್ದುದನ್ನು ಎತ್ತಿ ತೋರಿಸಿದಳು.

"ಅದರಿ ಮೇಡಮ್ಮಾ."

ಪ್ರತಿಭಾ ತಲೆ ಎತ್ತಲಿಲ್ಲ. ಆರುನೂರು ಹೆಸರು, ಒಂದು ಗಂಟೆ ಹೊತ್ತು. ಹೆಸರಿನ ಮುಂದೆ 'ಹೌದು' ಎಂದು ಬರೆದು, "ನೆಕ್ಸ್ಟ್" ಎಂದಳು. ಪೀರಮ್ಮ ಒಳಗೆ ಹೋಗಿ ಇಡೀ ದಿನ ಜಾಕೆಟ್ಟಿನ ದಾರ ಕತ್ತರಿಸಿದಳು. ಯಾರೂ ಬೇಡ ಎನ್ನಲಿಲ್ಲ.

ಮರುದಿನ ಮುನಿರಾಜಪ್ಪ ಲಾಠಿ ಅಡ್ಡ ಇಟ್ಟ. "ನಿನ್ ಹೆಸ್ರು ಇಲ್ಲ ಕಣಮ್ಮ. ನಿಂಗೆ ಪ್ಲೇಗ್ ಐತಂತೆ. ಅಲ್ಲೇ ನಿಂತ್ಕೋ, ಹತ್ರ ಬರ್‌ಬ್ಯಾಡ."

ಅವಳು ಅತ್ತು ಕೂಗಾಡಿದಳು. ಎಂಟು ಗಂಟೆಯಿಂದ ಹನ್ನೊಂದರವರೆಗೆ ಗೇಟು ಬಿಟ್ಟು ಕದಲಲಿಲ್ಲ. ಕೊನೆಗೆ ಪರ್ಸನೆಲ್ ಮ್ಯಾನೇಜರ್ ವಿರೂಪಾಕ್ಷ ಒಳಗೆ ಕರೆಸಿದ. ಬಾಗಿಲ ಹೊರಗೇ ನಿಲ್ಲಿಸಿ ಮಾತಾಡಿದ. ಪ್ರತಿಭಾಳಿಗೆ ಅಷ್ಟು ಹೊತ್ತಿಗೆ ಏನಾಗಿದೆ ಎಂದು ಹೊಳೆದಿತ್ತು.

"ಸಾರ್, ಇವ್ರು ಊಟದ ಗಂಟು ಅಂದ್ಕೊಂಡಿದಾರೆ. ತಪ್ಪು ನಂದು ಸಾರ್. ನಾನು ಸರಿಯಾಗಿ ಕೇಳ್ಲಿಲ್ಲ."

"ನೀವು ಸುಮ್ನಿರಿ," ಎಂದ ವಿರೂಪಾಕ್ಷ. ಪೀರಮ್ಮನ ಕಡೆ ತಿರುಗಿದ. "ತೋರಿಸ್ತೀಯಾ? ಇಲ್ಲ ಅಂತಾದ್ರೆ ನೋಡೋಣ."

ಸ್ಟೋರಿನಲ್ಲಿ ರಟ್ಟಿನ ಪೆಟ್ಟಿಗೆಗಳ ಮರೆ. ಫಸ್ಟ್ ಏಡ್ ಡಬ್ಬಿ ನೋಡಿಕೊಳ್ಳುವವನೇ ಡಾಕ್ಟರು. ಅವನ ಕೈಯಲ್ಲಿ ಬಟ್ಟೆ ಅಳೆಯುವ ಮರದ ಸ್ಕೇಲು. ಮುಟ್ಟಬಾರದಲ್ಲ, ಅದಕ್ಕೆ. ಕೈ ಎತ್ತು ಎಂದ. ಎತ್ತಿದಳು. ಸ್ಕೇಲಿನ ತುದಿಯಿಂದ ರವಿಕೆಯ ತೋಳನ್ನು ಸರಿಸಿ ನೋಡಿದ. ಇನ್ನೊಂದು ಕೈ ಎಂದ. ಎತ್ತಿದಳು. ಆಮೇಲೆ ಸೀರೆ ಎಂದ. ಪೀರಮ್ಮ ಸುತ್ತ ನೋಡಿದಳು. ಪೆಟ್ಟಿಗೆಗಳ ಸಂದಿಯಲ್ಲಿ ಇನ್ನೂ ಇಬ್ಬರು ಗಂಡಸರು ನಿಂತಿದ್ದರು. ಮಲಗಿದ ಗಂಡನ ನೆನಪಾಯಿತು. ಮಗಳ ನೆನಪಾಯಿತು. ಕಣ್ಣು ಮುಚ್ಚಿ ಸೀರೆ ಎತ್ತಿದಳು. ದನದ ಸಂತೆಯಲ್ಲಿ ಎಮ್ಮೆಯ ಬಾಲ ಎತ್ತಿ ನೋಡುವಂತೆ ಅವನು ಸ್ಕೇಲು ಆಡಿಸಿದ. ಆ ಮರದ ತಣ್ಣನೆ ತುದಿ ತೊಡೆಗೆ ತಾಗಿದಾಗ ಅವಳಿಗೆ ಸತ್ತುಹೋದರೆ ಒಳ್ಳೆಯದು ಅನ್ನಿಸಿತು.

"ಏನೂ ಇಲ್ಲ ಸಾರ್," ಎಂದ ಅವನು.

"ಒಳ್ಳೇದಾಯ್ತು," ಎಂದ ವಿರೂಪಾಕ್ಷ. "ಆದ್ರೆ ಫ್ಯಾಕ್ಸ್ ನಿನ್ನೆ ಸಂಜೇನೇ ಹೋಗ್ಬಿಟ್ಟಿದೆ."

ಪೀರಮ್ಮನಿಗೆ ಅರ್ಥವಾಗಲಿಲ್ಲ. "ಮತ್ತೊಂದು ಕಳಸ್ರಿ ಸಾಹೇಬ್ರ."

ಅವನು ನಕ್ಕ. ಕೆಟ್ಟ ಮನುಷ್ಯನ ನಗುವಲ್ಲ, ದಡ್ಡರಿಗೆ ಬುದ್ಧಿ ಹೇಳುವವನ ನಗು. ಅದು ಇನ್ನೂ ಕೆಟ್ಟದ್ದು. "ನೋಡಮ್ಮ, ಆರುನೂರು ಜನದಲ್ಲಿ ಒಬ್ರಿಗೂ ಏನಿಲ್ಲ ಅಂತ ಬರೆದ್ರೆ ಅವ್ರು ನಂಬ್ತಾರಾ? ಒಬ್ಳಿಗೆ ಇತ್ತು, ತೆಗೆದುಹಾಕಿದ್ವಿ ಅಂತ ಬರೆದ್ವಿ. ನಂಬಿದ್ರು. ಥ್ಯಾಂಕ್ಸ್ ಅಂತ ವಾಪಸ್ ಫ್ಯಾಕ್ಸ್ ಕಳ್ಸಿದಾರೆ. ಈಗ ಹೋಗಿ ಅದು ಸುಳ್ಳು ಅನ್ನಕ್ಕಾಗತ್ತಾ? ನೀನು ಮೂರು ತಿಂಗ್ಳು ಊರಿಗೆ ಹೋಗಿರು."

"ಊರಾಗ ನಮ್ಮದೇನದರಿ? ಎದಕ್ಕ ಹೋಗ್ಲಿ? ಗಂಡ ಏಳಂಗಿಲ್ಲ."

"ಅದು ನಂಗೊತ್ತಿಲ್ಲ."

ಪೀರಮ್ಮನಿಗೆ ಮೈ ಉರಿಯಿತು. "ಸೂರತ್ತಿನ ಬಟ್ಟಿ ಅಂಚು ಕತ್ತರಿಸಿದಾಕಿ ನಾನೇ ಅದೀನ್ರಿ. ಆ ಬಟ್ಟಿ ಜರ್ಮನಿಗಿ ಹೋಗ್ಬೌದು, ನಾ ಒಳಗ ಬರಬಾರ್ದೇನ್ರಿ?"

ವಿರೂಪಾಕ್ಷ ಎದ್ದು ಕಾರಿಡಾರಿನಲ್ಲಿ ಯಾರಾದರೂ ಇದ್ದಾರೆಯೇ ಎಂದು ನೋಡಿದ. ದನಿ ಇಳಿಸಿದ. "ಈ ಮಾತು ಇನ್ನೊಂದ್ಸಲ ಆಡ್ಬೇಡ. ಆರ್ಡರ್ ಕ್ಯಾನ್ಸಲ್ ಆದ್ರೆ ಶೆಡ್ ಮುಚ್ತಾರೆ. ಆರುನೂರು ಜನದ ಹೊಟ್ಟೆ ಮೇಲೆ ಹೊಡಿಯೋದು ನೀನೇ ಆಗ್ತೀಯ. ಯೋಚನೆ ಮಾಡು."

ಈ ಮಾತು ಅವಳನ್ನು ಕಟ್ಟಿಹಾಕಿತು. ಬಡವರ ಬಾಯಿ ಮುಚ್ಚಿಸಲು ಉಳಿದ ಬಡವರನ್ನು ತೋರಿಸಿದರೆ ಸಾಕೆಂದು ಅವರಿಗೆ ಚೆನ್ನಾಗಿ ಗೊತ್ತು.

ಪೀರಮ್ಮನ ಮನೆ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ಹಿಂದುಗಡೆ, ಎಂಟು ಬಾಡಿಗೆ ರೂಮುಗಳ ಒಂದು ವಠಾರದಲ್ಲಿ. ಬುಧವಾರದ ಹೊತ್ತಿಗೆ ಸುದ್ದಿ ಅಲ್ಲಿಗೂ ಮುಟ್ಟಿತ್ತು. ಓನರ್ ಮುನಿವೆಂಕಟಮ್ಮ ಡಿಡಿಟಿ ಪುಡಿ ತಂದು ಪೀರಮ್ಮನ ಹೊಸಿಲ ಮುಂದೆ ಉದ್ದಕ್ಕೆ ಗೆರೆ ಎಳೆದಳು. ಗೆರೆಯ ಆಚೆ ನಿಂತು ಮಾತಾಡಿದಳು.

"ನಂಗೇನೂ ನಿನ್ಮ್ಯಾಲೆ ಕ್ವಾಪ ಇಲ್ಲ ಕಣಮ್ಮ. ಎಂಟು ಮನೆ ಅವೆ. ಎಲ್ರೂ ಖಾಲಿ ಮಾಡ್ತೀವಿ ಅಂತಾವ್ರೆ. ಇವ್ಳಿಗೆ ಏನೂ ಇಲ್ಲ ಅಂತ ಕಂಪ್ನಿಯೋರ ಕೈಲಿ ಒಂದು ಚೀಟಿ ಬರೆಸ್ಕೊಂಡು ಬಾ. ಇಲ್ದಿದ್ರೆ ಭಾನ್ವಾರ ಸಾಮಾನು ಎತ್ತು. ಅಲ್ಲೀಗಂಟ ನಲ್ಲಿ ಮುಟ್‌ಬ್ಯಾಡ. ನೀರು ನಾನೇ ಹುಯ್ತೀನಿ."

ನಲ್ಲಿ ಮುಟ್ಟಬೇಡ. ಪೀರಮ್ಮ ಕೊಡ ಕೆಳಗಿಟ್ಟು ದೂರ ಸರಿದಳು. ಮುನಿವೆಂಕಟಮ್ಮ ಮೇಲಿನಿಂದ ನೀರು ಹುಯ್ದಳು. ಊರಿನ ಬಾವಿಯ ಕಟ್ಟೆಯ ಕೆಳಗೆ ಪೀರಮ್ಮನ ಅವ್ವ ಹೀಗೇ ಕೊಡ ಇಟ್ಟು ನಿಲ್ಲುತ್ತಿದ್ದಳು. ಯಾರಾದರೂ ದೊಡ್ಡ ಜಾತಿಯವರು ಮನಸ್ಸು ಮಾಡಿ ಸುರಿಯುವ ತನಕ. ಆ ನಿಲ್ಲುವುದನ್ನು ಬಿಟ್ಟು ಬರಬೇಕೆಂದೇ ಪೀರಮ್ಮ ಗಂಡನ ಕೈ ಹಿಡಿದು ರೈಲು ಹತ್ತಿದ್ದು. ಬೆಂಗಳೂರಿನಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ ಎಂದು ಏಳು ವರ್ಷ ನಂಬಿದ್ದಳು. ಮೈಯಲ್ಲಿ ಇಲ್ಲದ ರೋಗ ಅವಳನ್ನು ಅದೇ ಜಾಗಕ್ಕೆ ತಂದು ನಿಲ್ಲಿಸಿತ್ತು.

ಮಧ್ಯಾಹ್ನ ಸುಜಾತಾ ಸ್ಕೂಲಿನಿಂದ ಬೇಗ ಬಂದಳು. "ಟೀಚರು ನೀ ಬರಬ್ಯಾಡ ಅಂದ್ರವ್ವಾ," ಎಂದು ಪಾಟಿಚೀಲ ಮೂಲೆಗೆ ಒಗೆದಳು. ಭಗವಂತರಾಯ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. "ಹೋಗ್ಬಿಡಮು ನಡಿ," ಎಂದ. ಹೋಗುವುದು ಹೇಗೆ, ಸೊಂಟ ಮುರಿದವನನ್ನು ಹೊತ್ತುಕೊಂಡು ಹೋಗುವುದು ಎಲ್ಲಿಗೆ ಎಂದು ಅವನೂ ಹೇಳಲಿಲ್ಲ.

ಗುರುವಾರ ಪೀರಮ್ಮ ಶಿವಾಜಿನಗರದ ಸರಕಾರಿ ಆಸ್ಪತ್ರೆಗೆ ಹೋದಳು. ಅರ್ಧ ದಿನ ಸಾಲಿನಲ್ಲಿ ನಿಂತಳು. ಡಾಕ್ಟರಮ್ಮ ಒಳ್ಳೆಯವಳು. ಬರಿಗೈಯಲ್ಲಿ ಮುಟ್ಟಿ ನೋಡಿ, "ನಿಂಗೇನಾಗಿದೆ? ಕಲ್ಲಿನ ಹಾಗಿದೀಯ," ಎಂದಳು. ಹಾಗೆಂದು ಬರೆದು ಕೊಡಿ ಎಂದಾಗ ಮೇಜಿನ ಡ್ರಾಯರು ಹುಡುಕಿದಳು. ರೋಗ ಇದ್ದವರಿಗೆ ಕೊಡುವ ಫಾರಂ ಇತ್ತು. ಇಲ್ಲದವರಿಗೆ ಕೊಡುವ ಫಾರಂ ಇರಲಿಲ್ಲ. ಕಡೆಗೆ ಒಂದು ಖಾಲಿ ಹಾಳೆಯ ಮೇಲೆ ಎರಡು ಸಾಲು ಗೀಚಿ ಕೊಟ್ಟಳು. ಮುನಿವೆಂಕಟಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕೆ ಸೀಲೇ ಇಲ್ವಲ್ಲಮ್ಮ. ಕಂಪ್ನಿ ಚೀಟಿ ತಾ," ಎಂದಳು.

ಶುಕ್ರವಾರ ಬೆಳಿಗ್ಗೆ ಟಿನ್ ಫ್ಯಾಕ್ಟರಿಯಲ್ಲಿ ಬಸ್ಸಿನಿಂದ ಇಳಿದ ಖುರ್ಷೀದಾಳನ್ನು ಪೀರಮ್ಮ ಹಿಡಿದು ನಿಲ್ಲಿಸಿದಳು. "ನನ್ನ ಸಂಗಟ ಸಾಹೇಬರ ಕಡಿ ಬಾರಽ ಯಕ್ಕಾ. ದಿನಾ ಸಂಗಟ ಕುಂತು ರೊಟ್ಟಿ ತಿಂದೀವಿ. ನನ್ನ ಗಂಟು ಎಂಥಾದು ನಿನಗ ಗೊತ್ತದ."

ಖುರ್ಷೀದಾಳ ಕಣ್ಣಲ್ಲಿ ನೀರು ಬಂತು. ಆದರೆ ಅವಳು ಒಂದು ಹೆಜ್ಜೆ ಹಿಂದಕ್ಕೆ ಸರಿದಿದ್ದಳು. ಅದು ಅವಳಿಗೂ ಗೊತ್ತಾಗಲಿಲ್ಲವೇನೋ. ಪೀರಮ್ಮನಿಗೆ ಗೊತ್ತಾಯಿತು. "ನಂದೂ ಮೂರು ಮಕ್ಳು ಪೀರಮ್ಮಾ. ಶಿಪ್‌ಮೆಂಟ್ ಹೋಗ್ಲಿ, ಆಮೇಲೆ ಮಾತಾಡೋಣ. ಮಾಫ್ ಕರ್," ಎಂದು ಬಿರಬಿರನೆ ನಡೆದುಬಿಟ್ಟಳು.

ಶನಿವಾರ ಮಾಲು ತುಂಬುವ ದಿನ. ಪೀರಮ್ಮ ಜಗಳಕ್ಕೆಂದು ಹೋದವಳಲ್ಲ. ಕಾಲಿಗೆ ಬಿದ್ದು ಚೀಟಿ ಬರೆಸಿಕೊಂಡು ಬರೋಣವೆಂದೇ ಹೋದಳು. ಹಿಂಬಾಗಿಲ ಗೇಟು ತೆರೆದಿತ್ತು. ಮದ್ರಾಸು ಬಂದರಿಗೆ ಹೋಗುವ ಲಾರಿ ಹಿಮ್ಮುಖವಾಗಿ ನಿಂತಿತ್ತು. ಡ್ರೈವರ್ ಅಬ್ದುಲ್ ಒಳಗೆ ಕೂತು ಬೀಡಿ ಸೇದುತ್ತಿದ್ದ. ಬೆಳಗಾಗುವುದರೊಳಗೆ ಮಾಲು ಹಡಗಿನ ಹತ್ತಿರ ಇರಬೇಕು. ಶೆಡ್ಡಿನ ಬಾಗಿಲಲ್ಲಿ ಆಳೆತ್ತರಕ್ಕೆ ಪೆಟ್ಟಿಗೆ ಜೋಡಿಸಿದ್ದರು. ಒಂದೊಂದರ ಮೇಲೂ ಸರ್ಟಿಫಿಕೇಟಿನ ಪ್ರತಿ ಅಂಟಿಸಿದ್ದರು.

ಮುನಿರಾಜಪ್ಪ ಲಾಠಿ ಎತ್ತಿದ. ಪೀರಮ್ಮ ಮುಂದೆ ಬಂದಳು. ಅವನು ಹಿಂದೆ ಹೋದ. ಇನ್ನೊಂದು ಹೆಜ್ಜೆ ಬಂದಳು. ಅವನು ಇನ್ನೊಂದು ಹೆಜ್ಜೆ ಹಿಂದೆ ಹೋದ. ದಿನವೂ ಸಂಜೆ ಅವಳ ಸೆರಗು ಕೊಡವಿಸಿ, ಸೊಂಟ ತಡವಿ ನೋಡುತ್ತಿದ್ದ ಗಂಡಸು ಇವನು.

ಪೀರಮ್ಮನಿಗೆ ಆಗ ಹೊಳೆಯಿತು. ಇವರು ಹೇಳಿದ ಸುಳ್ಳಿಗೆ ಇವರೇ ಹೆದರುತ್ತಿದ್ದಾರೆ. ಕಾಲಿಗೆ ಬೀಳುವ ಯೋಚನೆ ಅಲ್ಲಿಗೇ ಬಿಟ್ಟುಹೋಯಿತು.

ಅವಳು ನೆಟ್ಟಗೆ ಪೆಟ್ಟಿಗೆಗಳ ಹತ್ತಿರ ಹೋದಳು. ಎರಡೂ ಅಂಗೈಗಳನ್ನು ಒಂದರ ಮೇಲೆ ಊರಿದಳು. ಮಾಲು ಎತ್ತುತ್ತಿದ್ದ ಹಮಾಲರು ಕೈಯಲ್ಲಿದ್ದುದನ್ನು ಕೆಳಗಿಟ್ಟು ದೂರ ಓಡಿದರು. ಯಾರೋ ಆಫೀಸಿಗೆ ಓಡಿದರು. ವಿರೂಪಾಕ್ಷ ಬಂದ, ಹಿಂದೆ ಪ್ರತಿಭಾ.

"ಏಯ್! ಮುಟ್ಬೇಡ ಅದನ್ನ!"

"ಯಾಕ ಮುಟ್ಟಬಾರ್ದರಿ? ಒಳಗಿನ ಜಾಕೀಟಿಗಿ ದಾರ ಕತ್ತರಿಸಿದಾಕಿ ನಾನೇ." ಪೀರಮ್ಮ ಪಕ್ಕದ ಪೆಟ್ಟಿಗೆಗೂ ಕೈ ಇಟ್ಟಳು. ಆಮೇಲೆ ಅದರ ಪಕ್ಕದ್ದಕ್ಕೆ. "ನಂಗ ರೋಗ ಅದ ಅಂದ್ರ ಈ ಮಾಲಿಗೂ ಅದ. ಮಾಲು ಚಲೋ ಅದ ಅಂದ್ರ ನಾನೂ ಚಲೋ ಅದೀನಿ. ಎರಡರಾಗ ಒಂದು ಬರೆದು ಸೀಲು ಹೊಡ್ದು ಕೊಡ್ರಿ."

"ಆರುನೂರು ಜನ..." ಎಂದು ವಿರೂಪಾಕ್ಷ ಶುರು ಮಾಡಿದ.

"ಆರುನೂರಾಗ ನಾನೂ ಒಬ್ಬಾಕಿ ಇದ್ದೆರಿ!" ಪೀರಮ್ಮ ಕಿರುಚಿದಳು. ಶೆಡ್ಡಿನೊಳಗೆ ಮಿಷನ್ನುಗಳ ಸದ್ದು ಒಂದೊಂದಾಗಿ ನಿಲ್ಲುತ್ತ ಬಂತು. ಕಿಟಕಿಗಳಲ್ಲಿ ಮುಖಗಳು ಕಂಡವು. "ನನ್ನ ಹೊಟ್ಟಿ ಯಾರದ್ರಿ? ನನ್ನ ಮಗಳ ಹೊಟ್ಟಿ ಯಾರದ್ರಿ? ನಿಮ್ಮ ಸ್ಕೇಲು ನನ್ನ ಸೀರಿ ಒಳಗ ಹೋಯ್ತು, ಸುಮ್ಮನಿದ್ದೆ. ಏನೂ ಇಲ್ಲ ಅಂದ್ರಿ, ಬರೀಲಿಲ್ಲ. ಇವತ್ತು ಬರೀರಿ!"

ಅಬ್ದುಲ್ ಬೀಡಿ ಎಸೆದು ಕೆಳಗಿಳಿದ. "ಸಾಬ್, ಏನಿದು ಪ್ಲೇಗ್ ಮಾತು? ನಾನು ಈ ಮಾಲು ಒಯ್ಯಲ್ಲ. ನಂಗೂ ಮನೆ ಇದೆ."

"ಪ್ಲೇಗೂ ಇಲ್ಲ ಏನೂ ಇಲ್ಲ! ಲೋಡ್ ಮಾಡ್ರೋ!" ಎಂದು ವಿರೂಪಾಕ್ಷ ಅರಚಿದ. ಯಾರೂ ಕದಲಲಿಲ್ಲ. "ಮುನಿರಾಜಪ್ಪ, ಎಳೆದು ಹೊರಗೆ ಹಾಕೋ ಇವಳನ್ನ!"

"ನನ್ ಕೈಲಾಗಲ್ಲ ಸಾ. ನೀವೇ ಪ್ಲೇಗ್ ಅಂತ ಲಿಸ್ಟಲ್ಲಿ ಹಾಕಿದೀರ," ಎಂದ ಮುನಿರಾಜಪ್ಪ.

ವಿರೂಪಾಕ್ಷ ವಾಚು ನೋಡಿಕೊಂಡ. ಅವನ ತಾಳ್ಮೆ ಕೆಟ್ಟಿತು. ಸೀದಾ ಬಂದು ಪೀರಮ್ಮನ ರಟ್ಟೆ ಹಿಡಿದ. ಬರಿಗೈಯಲ್ಲಿ, ಬೆರಳುಗಳು ಮಾಂಸಕ್ಕೆ ಇಳಿಯುವಷ್ಟು ಗಟ್ಟಿಯಾಗಿ. ಎಳೆದ. ಅವಳು ಮುಗ್ಗರಿಸಿ ಎರಡು ಹೆಜ್ಜೆ ಅವನ ಹಿಂದೆ ಹೋದಳು. ಆಮೇಲೆ ಕಾಲು ಊರಿ ನಿಂತುಬಿಟ್ಟಳು. ರಟ್ಟೆಯ ಮೇಲಿದ್ದ ಆ ಕೈಯನ್ನು ನೋಡಿದಳು. ಉಂಗುರ, ಗಡಿಯಾರ, ಇಸ್ತ್ರಿ ಮಾಡಿದ ಅಂಗಿಯ ತೋಳು. ಮೂವತ್ತು ವರ್ಷದ ಜೀವನದಲ್ಲಿ ಇಂಥ ಒಂದು ಕೈ ಎಲ್ಲರೆದುರಿಗೆ ಅವಳನ್ನು ಮುಟ್ಟಿರಲಿಲ್ಲ.

"ಮುಟ್ಟಿದ್ರಿ," ಎಂದಳು ಮೆಲ್ಲಗೆ. ಆಮೇಲೆ ಇಡೀ ಶೆಡ್ಡಿಗೆ ಕೇಳುವಂತೆ ಕೂಗಿದಳು. "ನೋಡ್ರಿ ಎಲ್ಲರೂ! ಸಾಹೇಬ್ರು ನನ್ನ ಮುಟ್ಯಾರ! ಬರಿಗೈಲೆ ಮುಟ್ಯಾರ!"

ವಿರೂಪಾಕ್ಷ ಕೆಂಡ ತಾಕಿದವನಂತೆ ಕೈ ಬಿಟ್ಟ. ತಡವಾಗಿತ್ತು. ಪೀರಮ್ಮ ಎರಡೂ ಕೈಯಿಂದ ಅವನ ಮಣಿಕಟ್ಟನ್ನು ಹಿಡಿದುಕೊಂಡಿದ್ದಳು. ದಿನವಿಡೀ ಕತ್ತರಿ ಹಿಡಿದು ಜಡ್ಡುಗಟ್ಟಿದ ಬೆರಳುಗಳು. ಅವನು ಜಗ್ಗಿದ. ಬಿಡಿಸಿಕೊಳ್ಳಲು ಆಗಲಿಲ್ಲ.

ಮೆಟ್ಟಿಲ ಮೇಲೆ ಖುರ್ಷೀದಾ ಬಂದು ನಿಂತಿದ್ದಳು. ಅವಳ ಹಿಂದೆ ಇನ್ನೂ ಇಪ್ಪತ್ತು ಮೂವತ್ತು ಜನ. ಖುರ್ಷೀದಾಳ ದನಿ ಎಲ್ಲರಿಗೂ ಕೇಳಿಸಿತು.

"ಪ್ರತಿಭಾ ಮೇಡಂ, ಲಿಸ್ಟ್ ತಗೊಳ್ಳಿ. ಈಗ ಸಾಹೇಬ್ರ ಹೆಸ್ರೂ ಬರ್ಕೊಳ್ಳಿ."

ಯಾರೋ ನಕ್ಕರು. ಯಾರೋ ಅತ್ತರು. ಪ್ರತಿಭಾ ಎದೆಗೆ ಅವಚಿಕೊಂಡಿದ್ದ ರಿಜಿಸ್ಟರನ್ನು ಬಿಚ್ಚಲೂ ಇಲ್ಲ, ಅಲ್ಲಿಂದ ಹೋಗಲೂ ಇಲ್ಲ.

"ಬಿಡಿಸ್ರೋ!" ಎಂದು ವಿರೂಪಾಕ್ಷ ಸುತ್ತ ನೋಡಿದ. ಮುನಿರಾಜಪ್ಪ ಅವನಿಂದಲೂ ಒಂದು ಮಾರು ದೂರ ಸರಿದು ನಿಂತ. ಹಮಾಲರು ಕೈ ಕಟ್ಟಿಕೊಂಡರು.

ಕೆಲಸ ಹೋಯಿತೆಂದು ಪೀರಮ್ಮನಿಗೆ ಗೊತ್ತಿತ್ತು. ಇನ್ನು ಯಾವ ಗೇಟೂ ತನಗೆ ತೆರೆಯುವುದಿಲ್ಲ ಎಂದೂ ಗೊತ್ತಿತ್ತು. ಪೊಲೀಸರು ಬರಬಹುದು, ಹೊಡೆಯಬಹುದು. ಅವಳ ಮೂಗಿನಿಂದ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ಚೀಟಿ ಬ್ಯಾಡ್ರಿ ಸಾಹೇಬ್ರ," ಎಂದಳು. "ನಿಮ್ಮ ಚೀಟಿ ನೀವೇ ಇಟ್ಕೋರಿ. ಟಿನ್ ಫ್ಯಾಕ್ಟರಿ ತನಕ ಹಿಂಗೇ ಬರ್ರಿ. ನಮ್ಮ ಮನಿ ಮುಂದ ಪುಡಿ ಹಾಕ್ಯಾರ, ಅದನ್ನ ನನ್ನ ಸಂಗಟ ದಾಟ್ರಿ. ನಲ್ಲಿ ಮುಂದ ನಿಂತು ನಾ ಹಿಡಿದ ನೀರು ಕುಡೀರಿ. ಎಂಟೂ ಮನಿ ಮಂದಿ ನೋಡ್ಲಿ. ನನ್ನ ಮಗಳು ನೋಡ್ಲಿ. ಆಮ್ಯಾಲೆ ಬಿಡ್ತೀನಿ."

ಲಾರಿಯ ಹತ್ತಿರ ಯಾರೂ ಹೋಗಲಿಲ್ಲ. ಅವಳು ಅವನನ್ನು ಗೇಟಿನ ಕಡೆ ಎಳೆದಳು. ಅವನ ಬೂಟು ಸಿಮೆಂಟಿನ ಮೇಲೆ ಜಾರಿತು. ಅವನು ಇನ್ನೊಂದು ಕೈಯಿಂದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡಿದ, ಉಗುರು ಊರಿದ, ರಕ್ತ ಬಂತು. ಅವಳು ಬಿಡಲಿಲ್ಲ.